105 ಅಂದರೇನು? ಮಾವನ ಸ್ಕೆಚ್ ಬುಕ್ಕಿನ ಒಂದು ಹಾಳೆ ರಿಪೇರಿ

ಅತ್ತಿಯ ಮನೆ ಗದಗಿನಲ್ಲಿ. ದೀಪಾವಳಿಗೆ ಸುಣ್ಣ ಹೊಡೆಸಲು ಅಟ್ಟದ ಸಾಮಾನು ಇಳಿಸುವಾಗ ತಗಡಿನ ಟ್ರಂಕೊಂದು ಕೆಳಗೆ ಬಂತು. ಒಳಗೆ ಸೋದರಮಾವನ ಎರಡು ಧೋತರ, ಒಣಗಿ ಕಲ್ಲಾದ ಬಣ್ಣದ ಟ್ಯೂಬು, ಒಂದು ಸ್ಕೆಚ್ ಬುಕ್ಕು. ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಅದಕ್ಕೂ ಮೊದಲು ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಚಿತ್ರಕಲಾ ಶಾಲೆಯಲ್ಲಿ ಕಲಿತವರು. ಅವರು ತೀರಿಕೊಂಡು ಬಹಳ ವರ್ಷ ಆಯಿತು.

"ನಿಮ್ಮ ಮಾವನ ಕೈ ನಿನಗ ಬಂದೈತಿ, ನೀನ ಒಯ್ಯಿ" ಅಂದರು ಅತ್ತಿ.

ಕೈ ಬಂದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಮನೆಗಳ ನಕ್ಷೆ ಬರೆಯುವವನು, ಅದೂ ಕಂಪ್ಯೂಟರಿನಲ್ಲಿ. ಮೌಸ್ ಬಿಟ್ಟು ಪೆನ್ಸಿಲ್ ಹಿಡಿದರೆ ಗೆರೆ ನಡುಗುತ್ತದೆ. ಆದರೂ ಎತ್ತಿಕೊಂಡು ಬಂದೆ.

ಬುಕ್ಕಿನ ಬಹುಪಾಲು ಪುಟಗಳು ಚೆನ್ನಾಗಿಯೇ ಇದ್ದವು. ಹಾಳಾಗಿದ್ದು ಒಂದೇ ಹಾಳೆ. ಅದು ಬುಕ್ಕಿನದ್ದಲ್ಲ, ಆಮೇಲೆ ಸೇರಿಸಿದ್ದು. ಚಿತ್ರ ಬರೆಯುವ ಕಾರ್ಟ್ರಿಜ್ ಪೇಪರ್, ಸುಮಾರು 28 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ. ಅಂದರೆ ಇಂಪೀರಿಯಲ್ ಅನ್ನುವ ದೊಡ್ಡ ಅಳತೆಯ ಡ್ರಾಯಿಂಗ್ ಹಾಳೆಯ ಕಾಲು ಭಾಗ. ಬುಕ್ಕಿಗಿಂತ ದೊಡ್ಡದು ಅಂತ ನಡುವೆ ಮಡಚಿ ಇಟ್ಟಿದ್ದರು. ಮಡಿಕೆ ಹರಿದಿತ್ತು. ಹರಿದದ್ದಕ್ಕೆ ಯಾರೋ ಹಿಂದಿನಿಂದ ಎರಡು, ಮುಂದಿನಿಂದ ಒಂದು ಸೆಲ್ಲೋ ಟೇಪು ಹಚ್ಚಿದ್ದರು. ಟೇಪು ಈಗ ಜೇನುತುಪ್ಪದ ಬಣ್ಣ. ಕೆಳಗಿನ ಅಂಚನ್ನು ಬೆಳ್ಳಿ ಹುಳ ಕೆರೆದು ತಿಂದಿತ್ತು.

ಹಾಳೆಯ ನಡುವೆ ಒಂದು ದೊಡ್ಡ ನಕ್ಷತ್ರ, ಮೂಲೆಗಳು ಎಷ್ಟೋ. ಅದರ ಮೇಲೆ ಒಂದು ಸಣ್ಣ ನಕ್ಷತ್ರ, ಎರಡು ಗೆರೆ ಎಳೆದು ಹೊಡೆದುಹಾಕಿದ್ದು. ಕೆಳಗೆ ಎಡಕ್ಕೆ ಕೂತ ಬಸವಣ್ಣ, ಬಲಕ್ಕೆ ಕಟ್ಟೆಯ ಮೇಲೆ ನಿಂತ ಆಡು. ಅಂಚಿನಲ್ಲಿ ಒಂದಷ್ಟು ಬರಹ. ಮೇಲಿನ ಮೂಲೆಯಲ್ಲಿ ಗೀಟುಗಳ ಸಾಲು. ನಕ್ಷತ್ರದ ಕೆಳಗೆ "15", ಅದರ ಪಕ್ಕ ವೃತ್ತದೊಳಗೆ "105".

ಆ 105 ನನ್ನ ತಲೆ ತಿಂದಿತು. ರೂಪಾಯಿಯೇ? ಮನೆ ನಂಬರೇ? ಅತ್ತಿಯನ್ನು ಕೇಳಿದೆ. "ಸಾಲಿ ಫೀ ಇರಬೇಕು ನೋಡು" ಅಂದರು. ಆ ಕಾಲಕ್ಕೆ ಅಷ್ಟು ಫೀ ಇತ್ತೇ? ಬಿಟ್ಟೆ. ಮೊದಲು ಹಾಳೆ ಉಳಿಸೋಣ ಅಂದುಕೊಂಡೆ.

ಟೇಪು

ಮೊದಲು ಮೊಬೈಲಿನಲ್ಲಿ ಎರಡೂ ಬದಿ ಫೋಟೋ ತೆಗೆದೆ. ಟ್ಯೂಬ್‌ಲೈಟ್ ಕೆಳಗೆ, ಅವಸರದಲ್ಲಿ. ಇದು ಆಮೇಲೆ ಎಷ್ಟು ದುಬಾರಿ ಆಯಿತು ಅಂತ ಮುಂದೆ ಹೇಳುತ್ತೇನೆ.

ಹಳೆಯ ಸೆಲ್ಲೋ ಟೇಪಿನಲ್ಲಿ ಎರಡು ಪದರ. ಮೇಲೆ ಪ್ಲಾಸ್ಟಿಕ್ ಪಟ್ಟಿ, ಕೆಳಗೆ ಅಂಟು. ವರ್ಷ ಕಳೆದಂತೆ ಪಟ್ಟಿ ಒಣಗಿ ಏಳುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕೂರುತ್ತದೆ. ಹಾಗಾಗಿ ಕೆಲಸವೂ ಎರಡು. ಹೇರ್ ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ ಗಾಳಿ ಕೊಟ್ಟೆ. ಒಂದು ತುದಿ ಸಡಿಲಾದ ಮೇಲೆ ಬಿದಿರಿನ ತೆಳು ಚಾಕು ತೂರಿಸಿದೆ. ಪಟ್ಟಿಯನ್ನು ಮೇಲಕ್ಕೆ ಎಳೆಯಬಾರದು. ಹಿಂದಕ್ಕೆ ಮಡಚಿ, ಹಾಳೆಗೆ ಒರಗಿಸಿಕೊಂಡೇ ಸರಿಸಬೇಕು. ಮೇಲಕ್ಕೆ ಎಳೆದರೆ ಕಾಗದದ ಸಿಪ್ಪೆಯೂ ಜೊತೆಗೆ ಬರುತ್ತದೆ. ಒಂದೊಂದು ಪಟ್ಟಿಗೂ ಅರ್ಧ ಗಂಟೆ ಮೇಲೆ ಹಿಡಿಯಿತು. ಹಿಂದಿನ ಎರಡೂ ಸಲೀಸಾಗಿ ಬಂದವು. ಮುಂದಿನದು ಗೀಟುಗಳ ಸಾಲಿನ ಮೇಲೆಯೇ ಇತ್ತು, ಉಸಿರು ಹಿಡಿದು ತೆಗೆದೆ.

ಉಳಿದ ಜಿಗುಟಿಗೆ ಕ್ರೇಪ್ ರಬ್ಬರ್. ಚಪ್ಪಲಿಯ ಅಟ್ಟೆಗೆ ಹಾಕುತ್ತಾರಲ್ಲ, ಅದೇ. ಹೊಸ ತುಂಡು ತಂದು, ಸುಮ್ನೆ ಒತ್ತಿ ಹೊರಳಿಸಿದರೆ ಅಂಟು ಉಂಡೆ ಉಂಡೆಯಾಗಿ ಅದಕ್ಕೆ ಹತ್ತಿಕೊಂಡು ಬರುತ್ತದೆ. ಹಳದಿ ಕಲೆ ಹೋಗಲಿಲ್ಲ. ಅದು ಹೋಗುವುದೂ ಇಲ್ಲ. ಥಿನ್ನರ್ ಹಾಕಿದರೆ ತಿಳಿಯಾಗುತ್ತಿತ್ತೇನೋ, ಆದರೆ ಬರಹದ ಬಣ್ಣವನ್ನೂ ಎಬ್ಬಿಸಿ ಹರಡಿಬಿಟ್ಟರೆ? ಬೇಡ ಅನ್ನಿಸಿತು.

ಧೂಳಿಗೆ ಮೆತ್ತನೆಯ ಬ್ರಷ್ಷು. ಆಮೇಲೆ ಬಿಳಿ ರಬ್ಬರನ್ನು ತುರಿಮಣೆಯಲ್ಲಿ ತುರಿದು ಪುಡಿ ಮಾಡಿ, ಬರಹ ಇಲ್ಲದ ಕಡೆ ಬೆರಳ ತುದಿಯಿಂದ ಹಗುರಾಗಿ ಆಡಿಸಿದೆ. ಪುಡಿ ಬಿಳಿ ಇದ್ದದ್ದು ಬೂದಿ ಬಣ್ಣಕ್ಕೆ ತಿರುಗಿತು. ಅದನ್ನು ನೋಡುವುದೇ ಒಂದು ಖುಷಿ.

ಅಂಟಿಗೆ ಗೋದಿ ಹಾಲು

ಹರಿದ ಮಡಿಕೆಗೆ ಹಿಂದಿನಿಂದ ತೆಳು ಜಪಾನಿ ಕಾಗದ ಹಚ್ಚುವುದು ನನ್ನ ಯೋಚನೆ. ಅದು ಒಂದು ಜಾತಿಯ ಹಿಪ್ಪುನೇರಳೆ ಗಿಡದ ನಾರಿನದು. ನಾರು ಉದ್ದ, ಹಾಗಾಗಿ ತೆಳ್ಳಗಿದ್ದರೂ ಗಟ್ಟಿ. ಅದನ್ನು ತರಿಸಿಕೊಂಡೆ. ಅಂಟು ಮಾತ್ರ ಗೋದಿ ಪಿಷ್ಟದ್ದೇ ಬೇಕು. ಮುಂದೆ ಯಾರಿಗಾದರೂ ಬಿಚ್ಚಬೇಕು ಅನ್ನಿಸಿದರೆ ನೀರಿನಲ್ಲಿ ಬಿಡುತ್ತದೆ. ಫೆವಿಕಾಲ್ ಒಣಗಿದ ಮೇಲೆ ಹಾಗೆ ಬಿಡುವುದಿಲ್ಲ.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಪ್ರೆಸ್ಸುಗಳಿಗೆ ಬರವಿಲ್ಲ, ಬೈಂಡರುಗಳಿಗೂ ಇಲ್ಲ. ಪರಿಚಯದ ಬೈಂಡರ್ ಕಾಕಾ ಒಬ್ಬರ ಹತ್ತಿರ ಹೋದೆ. ಬ್ಲಾಟಿಂಗ್ ಪೇಪರ್ ಕೊಟ್ಟರು, ಸಲಹೆಯನ್ನೂ ಕೊಟ್ಟರು. "ಮೈದಾ ಅಂಟಿಗೆ ಒಂದೀಟ ಮೈಲುತುತ್ತು ಹಾಕ್ರಿ ಸರ, ಹುಳಾ ಮುಟ್ಟೂದಿಲ್ಲ." ಲೆಕ್ಕದ ಪುಸ್ತಕಕ್ಕೆ ಅದು ನಡೆಯುತ್ತದೆ. ಅವರ ಅಪ್ಪನ ಕಾಲದಿಂದ ನಡೆದಿದೆಯಂತೆ. ಆದರೆ ತಾಮ್ರದ ಅಂಶ ನಿಧಾನಕ್ಕೆ ಕಾಗದವನ್ನೇ ಕಂದು ಮಾಡಿ ಪುಡಿಮಾಡುತ್ತದೆ. ಹುಳ ತಿನ್ನುವ ಮೊದಲು ಅಂಟೇ ತಿಂದ ಹಾಗೆ. ಕಾಕಾಗೆ ಹೂಂ ಅಂದು, ಹಾಕಲಿಲ್ಲ.

ಪಿಷ್ಟ ತೆಗೆಯುವುದು ನನಗೆ ಗೊತ್ತಿರಲಿಲ್ಲ, ಅತ್ತಿಗೆ ಗೊತ್ತಿತ್ತು. ಗೋದಿ ಶಂಡಗಿ ಮಾಡುವವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ. ಗೋದಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದರು. ರಾತ್ರಿಯಿಡೀ ಬಿಟ್ಟಾಗ ಹಿಟ್ಟು ತಳಕ್ಕೆ ಕೂತಿತು. ಮೇಲಿನ ನೀರು ಬಸಿದರು.

"ಇಷ್ಟು ಚಲೋ ಹಾಲು! ಶಂಡಗಿ ಬಿಟ್ಟು ಕಾಗದಕ್ಕ ಹಚ್ಚತೀಯಲ್ಲೋ."

ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಿರುವಿದೆ. ಮೊದಲು ಹಾಲಿನ ಬಿಳಿ, ಆಮೇಲೆ ಗಾಜಿನ ಹಾಗೆ ಅರೆಪಾರದರ್ಶಕ. ಆಗ ಬೆಂದಂತೆ. ಆರಿದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಎರಡು ಸಲ ಒತ್ತಿ ತೆಗೆದೆ. ಬಳಸುವಾಗ ನೀರು ಬೆರೆಸಿ ತೆಳು ಮೊಸರಿನ ಹದಕ್ಕೆ ತಂದುಕೊಂಡೆ. ನಮ್ಮ ಕಡೆಯ ಸೆಕೆಗೆ ಇದು ಬೇಗ ಹಳಸುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ಮೂರು ದಿನದೊಳಗೆ ಮುಗಿಸಿ. ಉಳಿದ ಹಾಲು ಶಂಡಗಿಯೇ ಆಯಿತು ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ.

ನೇರಳೆ

ಅಂಟು ಹಚ್ಚುವ ಮೊದಲು ಮಡಿಕೆ ಸಪಾಟಾಗಬೇಕು. ಒಣ ಕಾಗದವನ್ನು ಒತ್ತಿದರೆ ಮಡಿಕೆಯಲ್ಲೇ ಮುರಿಯುತ್ತದೆ. ಸ್ವಲ್ಪ ಪಸೆ ಕುಡಿಸಿದರೆ ನಾರು ಮೆತ್ತಗಾಗುತ್ತದೆ. ಅದಕ್ಕೊಂದು ಉಪಾಯ ಇದೆ. ಮುಚ್ಚಳದ ಪ್ಲಾಸ್ಟಿಕ್ ಟಬ್ಬಿನ ತಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ನೀರು ತಾಗದ ಎತ್ತರದಲ್ಲಿ ಪ್ಲಾಸ್ಟಿಕ್ ಜಾಳಿಗೆ, ಜಾಳಿಗೆಯ ಮೇಲೆ ಹಾಳೆ. ಮುಚ್ಚಿಟ್ಟರೆ ಒಳಗಿನ ಹಬೆಯೇ ಕೆಲಸ ಮಾಡುತ್ತದೆ.

ನೀರಿಗೆ ಯಾವುದು ಬಿಡುತ್ತದೆ ಅಂತ ಮೊದಲೇ ಪರೀಕ್ಷೆ ಮಾಡಬೇಕು. ಮಾಡಿದೆ. ಒಂದು ಕಡೆ ನೀಲಿ ಶಾಯಿಯ ಚುಕ್ಕಿ ಇತ್ತು, ಒದ್ದೆ ಹತ್ತಿ ತಾಗಿಸಿ ನೋಡಿದೆ, ಬಿಡಲಿಲ್ಲ. ಉಳಿದದ್ದೆಲ್ಲ ಪೆನ್ಸಿಲ್, ಬೂದು ಬಣ್ಣ. ಪೆನ್ಸಿಲ್ ನೀರಿಗೆ ಏನೂ ಆಗುವುದಿಲ್ಲ ಅಲ್ವಾ ಅಂತ ಅದನ್ನು ಮುಟ್ಟಲೇ ಇಲ್ಲ.

ನಲವತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದೆ. ಅಂಚಿನ ಬರಹ ನೇರಳೆ. ಬಸವಣ್ಣ ನೇರಳೆ. ಆಡಿನ ಕೊಂಬು ನೇರಳೆ. ಮೇಲಿನ ಮೂಲೆಯ ಗೀಟುಗಳ ಜಾಗದಲ್ಲಿ ಎಂಟಾಣೆಯಷ್ಟು ಅಗಲದ ನೇರಳೆ ಮಡುವು. ಮುಚ್ಚಳದ ಒಳಬದಿಯಲ್ಲಿ ಹಬೆ ನೀರಾಗಿ ಕೂತಿತ್ತು, ಅಲ್ಲಿಂದ ಒಂದು ಹನಿ ಸರಿಯಾಗಿ ಅಲ್ಲಿಗೇ ಬಿದ್ದಿತ್ತು.

ಅದು ಕಾಪಿಯಿಂಗ್ ಪೆನ್ಸಿಲ್. ಹಿಂದೆ ಕಚೇರಿಗಳಲ್ಲಿ, ರೈಲ್ವೆಯಲ್ಲಿ, ರಸೀದಿ ಬರೆಯುವ ಕಡೆ ಇದೇ ಇರುತ್ತಿತ್ತು. ಗ್ರಾಫೈಟಿನ ಜೊತೆ ನೇರಳೆ ಅನಿಲಿನ್ ಬಣ್ಣ ಬೆರೆಸಿದ ಕಡ್ಡಿ. ಒಣಗಿದ್ದಾಗ ಸಾದಾ ಸೀಸದ ಪೆನ್ಸಿಲ್ಲಿನ ಹಾಗೆಯೇ ಕಾಣುತ್ತದೆ. ನೀರು ತಾಗಿತೋ, ಬಣ್ಣ ಕರಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ಅಳಿಸಲು ಬರುವುದಿಲ್ಲ. ಅಳಿಸಬಾರದು ಅಂತಲೇ ಮಾಡಿದ್ದು. ಅತ್ತಿಗೆ ಫೋನಿನಲ್ಲಿ ಹೇಳಿದರೆ ನಕ್ಕರು. "ನಾಲಿಗಿಗೆ ತಾಗಿಸಿ ಬರೀತಿದ್ರು. ನಿಮ್ಮ ಮಾವನ ತುಟಿ ಯಾವಾಗಲೂ ಜಂಬುನೇರಳ ತಿಂದವರ ಹಂಗ ಇರತಿತ್ತು." ಒಂದು ದಿನ ಮೊದಲು ಫೋನ್ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ಉಜ್ಜಲಿಲ್ಲ, ಅಷ್ಟು ಬುದ್ಧಿ ಇತ್ತು. ಬ್ಲಾಟಿಂಗ್ ಪೇಪರ್ ಮೇಲಿಟ್ಟು ಒತ್ತಿ ತೆಗೆದೆ, ಮತ್ತೊಂದು ಇಟ್ಟೆ, ಮತ್ತೊಂದು. ನಾಲ್ಕನೆಯದಕ್ಕೆ ಬಣ್ಣ ಹತ್ತುವುದು ನಿಂತಿತು. ಆಮೇಲೆ ಎರಡು ಬ್ಲಾಟಿಂಗ್ ನಡುವೆ ಹಾಳೆ ಇಟ್ಟು, ಪ್ಲೈವುಡ್ ಹಾಕಿ, ಅದರ ಮೇಲೆ ಬಟ್ಟೆ ಸುತ್ತಿದ ಆರು ಇಟ್ಟಿಗೆ. ಬ್ಲಾಟಿಂಗನ್ನು ಮೊದಲ ದಿನ ಮೂರು ಸಲ ಬದಲಿಸಿದೆ, ಆಮೇಲೆ ದಿನಕ್ಕೊಮ್ಮೆ. ವಾರದ ನಂತರ ಮಡಿಕೆ ಸಪಾಟಾಗಿತ್ತು. ಆ ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಗಿತ್ತು, ಏನು ಹೇಳುವುದು.

ನೀವು ಮಾಡುವುದಾದರೆ ಮುಚ್ಚಳದ ಒಳಗೂ ಒಂದು ಒಣ ಬಟ್ಟೆ ಅಂಟಿಸಿ. ಪೆನ್ಸಿಲ್ ಅಂತ ಕಂಡದ್ದನ್ನೂ, ಒಂದು ಚುಕ್ಕಿಯಷ್ಟಾದರೂ, ಒದ್ದೆ ಹತ್ತಿಯ ಎಳೆಯಿಂದ ಮುಟ್ಟಿ ನೋಡಿ.

ಗೀಟುಗಳು ಎಷ್ಟಿದ್ದವು ಅಂತ ಮೊದಲಿನ ಫೋಟೋ ತೆರೆದೆ. ಆ ಮೂಲೆಯ ಮೇಲೆ ಟೇಪು, ಟೇಪಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಹೊಳಪು. ಏನೂ ಕಾಣುವುದಿಲ್ಲ. ಟೇಪು ತೆಗೆದ ಮೇಲೆ ಇನ್ನೊಂದು ಫೋಟೋ ತೆಗೆಯಬೇಕಿತ್ತು. ತೆಗೆದಿರಲಿಲ್ಲ.

ಹಾಳೆ ಓದಿದ್ದು

ನೇರಳೆ ಬಂದದ್ದರಿಂದ ಒಂದು ಲಾಭವೂ ಆಯಿತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಹಾಳೆಯಲ್ಲಿ ಎರಡು ಪೆನ್ಸಿಲ್ ಇವೆ ಅಂತ ಗೊತ್ತಾಯಿತು. ಕೆಲವು ಗೆರೆ ನೇರಳೆಗೆ ತಿರುಗಿದ್ದವು, ಕೆಲವು ಬೂದಿಯಾಗಿಯೇ ಉಳಿದಿದ್ದವು. ಯಾವುದು ಯಾವುದು ಅಂತ ಕಣ್ಣಿಗೆ ಪೂರ್ತಿ ತಿಳಿಯುವುದಿಲ್ಲ. ಹಗಲು ಬೆಳಕಿನಲ್ಲಿ ಹೊಸ ಫೋಟೋ ತೆಗೆದು ಗಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಮಾಡಿದೆ. ನೇರಳೆ ಬಣ್ಣ ಹಸಿರು ಬೆಳಕನ್ನು ಜಾಸ್ತಿ ನುಂಗುತ್ತದೆ. ಹಾಗಾಗಿ ಹಸಿರಿನ ಚಿತ್ರದಲ್ಲಿ ಕಾಪಿಯಿಂಗ್ ಪೆನ್ಸಿಲ್ಲಿನ ಬರಹ ಕಪ್ಪಾಗಿ ಎದ್ದು ಕಂಡಿತು, ಕೆಂಪಿನಲ್ಲಿ ಮಸುಕಾಯಿತು. ಸಾದಾ ಪೆನ್ಸಿಲ್ ಮೂರರಲ್ಲೂ ಒಂದೇ ಥರ. ಜೊತೆಗೆ ಟೇಪಿನ ಹಳದಿ ಕಲೆ ಕೆಂಪಿನ ಚಿತ್ರದಲ್ಲಿ ಹೆಚ್ಚುಕಡಿಮೆ ಮಾಯ. ಖರ್ಚಿಲ್ಲದ ಉಪಾಯ, ಮನೆಯಲ್ಲಿ ಹಳೆಯ ಪತ್ರ ಇದ್ದವರು ಮಾಡಿ ನೋಡಿ.

ಕಾಪಿಯಿಂಗ್ ಪೆನ್ಸಿಲ್ಲಿನದು: ಬಸವಣ್ಣ, ಆಡು, ಹೊಡೆದುಹಾಕಿದ ಸಣ್ಣ ನಕ್ಷತ್ರ, ಗೀಟುಗಳು, ಅಂಚಿನ ಬರಹ. ಸಾದಾ ಪೆನ್ಸಿಲ್ಲಿನದು: ದೊಡ್ಡ ನಕ್ಷತ್ರ, 15, 105. ಅಂದರೆ ಹಾಳೆ ಎರಡು ಕೂತಿನಲ್ಲಿ ಆಗಿದ್ದು. ಮೊದಲನೆಯದು ಆ ಜಾಗದಲ್ಲೇ ನಿಂತು ಬರೆದದ್ದು, ಇನ್ನೊಂದು ಮನೆಗೆ ಬಂದು ಮೇಜಿನ ಮೇಲೆ.

ಜಾಗ ಯಾವುದು ಅಂತ ಅಂಚಿನ ಬರಹವೇ ಹೇಳಿತು. "ಡಂಬಳ, ತಾ. ಮುಂಡರಗಿ, ಜಿ. ಧಾರವಾಡ." ಅದರ ಕೆಳಗೆ "ಚಹಾ 6 ನ.ಪೈ." ತಾರೀಖು ಇಲ್ಲ. ಆದರೆ ಇಷ್ಟು ಸಾಕು. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅಲ್ಲಿಯವರೆಗೆ ಡಂಬಳವೂ ಧಾರವಾಡ ಜಿಲ್ಲೆಯೇ. "ನ.ಪೈ." ಇನ್ನೂ ಹಿಂದಕ್ಕೆ ಒಯ್ಯುತ್ತದೆ. ನಯಾ ಪೈಸೆ ಶುರುವಾದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್ 1ರಿಂದ "ನಯಾ" ಬಿದ್ದುಹೋಗಿ ಬರೀ ಪೈಸೆ ಆಯಿತು. ಜನರ ಬಾಯಲ್ಲಿ ಆಮೇಲೂ ಒಂದಷ್ಟು ದಿನ ಉಳಿದಿರಬಹುದು. ಆದರೂ ಮಾವ ಧಾರವಾಡದಲ್ಲಿ ಕಲಿಯುತ್ತಿದ್ದ ಕಾಲಕ್ಕೆ ಸರಿಯಾಗಿ ಕೂಡುತ್ತದೆ.

ಡಂಬಳ ಅಂದಮೇಲೆ ನಕ್ಷತ್ರ ದೊಡ್ಡಬಸಪ್ಪನ ಗುಡಿಯದೇ. ಗದಗಿನಿಂದ ಇಪ್ಪತ್ತು ಕಿ.ಮೀ. ಆಸುಪಾಸು. ಕಲ್ಯಾಣ ಚಾಲುಕ್ಯರ ಕಾಲದ್ದು, 12ನೇ ಶತಮಾನ, ಬಳಪದ ಕಲ್ಲು. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ನಡುವೆ ಎಲ್ಲೂ ಚಪ್ಪಟೆ ಗೋಡೆ ಬಂದು ನಕ್ಷತ್ರವನ್ನು ಕಡಿಯುವುದಿಲ್ಲ. ಗೋಡೆಯ ಅದೇ ಒಳಹೊರಗಿನ ಮಡಿಕೆ ಮೇಲೆ ಏಳು ಅಂತಸ್ತಿನ ಶಿಖರಕ್ಕೂ ಹತ್ತಿ ಹೋಗುತ್ತದೆ. ಗುಡಿ ಶಿವನದು, ಹೆಸರು ಮಾತ್ರ ಎದುರಿಗೆ ಕೂತ ದೊಡ್ಡ ಬಸವಣ್ಣನದು.

ಈಗ ಭೂತಗನ್ನಡಿ ಹಿಡಿದು ಕೂತೆ.

ಹೊಡೆದುಹಾಕಿದ ಸಣ್ಣ ನಕ್ಷತ್ರ ನೋಡಿದರೆ ದೀಪಾವಳಿಯ ಆಕಾಶಬುಟ್ಟಿಯ ಹಾಗಿದೆ. ಚೂಪು ಚೂಪು ಮೊನೆ. ಮಾವ ಮೊದಲು ಹಾಗೆ ಬರೆದು, ಗೋಡೆಯ ಹತ್ತಿರ ಹೋಗಿ ನೋಡಿ, ತಪ್ಪು ಅಂತ ಹೊಡೆದಿರಬೇಕು. ಆ ಗುಡಿಯ ಮೊನೆಗಳು ಚೂಪಲ್ಲ. ಒಂದೊಂದೂ ನೇರ ಮೂಲೆ, ನಮ್ಮ ಮನೆಯ ಗೋಡೆಯ ಮೂಲೆಯ ಹಾಗೆ 90 ಡಿಗ್ರಿ. ಯಾಕೆಂದರೆ ಅದು ಚೌಕಗಳನ್ನು ತಿರುಗಿಸಿ ಮಾಡಿದ ನಕ್ಷತ್ರ. ಒಂದು ಚೌಕಕ್ಕೆ ನಾಲ್ಕು ಮೂಲೆ. ನಡುವಿನ ಬಿಂದು ಹಾಗೇ ಇಟ್ಟು ಆರು ಚೌಕ ಬರೆದರೆ 24. ಒಂದರಿಂದ ಒಂದಕ್ಕೆ 15 ಡಿಗ್ರಿ ತಿರುವು. ಹಾಳೆಯ "15" ಇದೇ. ಸೋಮನಾಥಪುರದಲ್ಲಿ ಗರ್ಭಗುಡಿಗಳು 16 ಮೂಲೆಯವು. ಅಲ್ಲಿ ನಾಲ್ಕು ಚೌಕ, ಇಪ್ಪತ್ತೆರಡೂವರೆ ಡಿಗ್ರಿ.

ದೊಡ್ಡ ನಕ್ಷತ್ರವನ್ನು ಮಾವ ಹೇಗೆ ಬರೆದರು ಅನ್ನುವುದು ಮುಂದಿನ ಪ್ರಶ್ನೆ. ಕೈವಾರದ ಒಂದೂ ಕಮಾನು ಇಲ್ಲ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಹಾಳೆಗೆ ಒರಗಿಸಿದಂತೆ ಬದಿಯಿಂದ ಬಿಟ್ಟೆ. ಹೀಗೆ ಬಿಟ್ಟರೆ ಸಣ್ಣ ಗುಳಿ, ಉಬ್ಬು, ಒತ್ತಿದ ಗೆರೆ ಎಲ್ಲಕ್ಕೂ ನೆರಳು ಬೀಳುತ್ತದೆ. ಹೊಲದ ಸಾಲುಗಳು ಸಂಜೆ ಬಿಸಿಲಿಗೆ ಕಾಣುವ ಹಾಗೆ. ನಡುವೆ ಒಂದು ತೂತು. ಕೈವಾರದ ಮೊನೆಯ ತೂತು ಸಣ್ಣಗೆ ಗುಂಡಗಿರುತ್ತದೆ. ಇದು ಸವೆದು ಅಗಲವಾಗಿತ್ತು, ಗುಂಡುಸೂಜಿ ಚುಚ್ಚಿ ಏನನ್ನೋ ಸುತ್ತ ತಿರುಗಿಸಿದ ಹಾಗೆ.

ಆಮೇಲೆ ಮೊನೆಗಳು. ಪಟ್ಟಿ ಇಟ್ಟು ಗೆರೆ ಎಳೆಯುವವರ ಕೈ ಮೂಲೆಯಲ್ಲಿ ಒಂದು ಕೂದಲಷ್ಟು ದಾಟಿ ಹೋಗುತ್ತದೆ. ನಾವೆಲ್ಲ ಬೋರ್ಡಿನ ಮೇಲೆ ಕಲಿತವರು, ದಾಟಿಸಿಯೇ ಎಳೆಯುತ್ತಿದ್ದೆವು. ಇಲ್ಲಿ ಒಂದು ಗೆರೆಯೂ ದಾಟಿಲ್ಲ. ಮೂಲೆಗೆ ಬಂದು ಹಾಗೇ ತಿರುಗಿದೆ. ರಟ್ಟಿನ ಚೌಕ ಇಟ್ಟು ಸುತ್ತ ಪೆನ್ಸಿಲ್ ಓಡಿಸಿದರೆ ಹೀಗಾಗುತ್ತದೆ. ಇದು ನನ್ನ ಊಹೆ ಅಷ್ಟೇ ಆಗಿತ್ತು, ಮೊನೆಗಳನ್ನು ಒಂದೊಂದಾಗಿ ಎಣಿಸುತ್ತಾ ಹೋಗುವವರೆಗೆ. ಬಲಗಡೆಯ ಒಂದು ಮೊನೆ ಸ್ವಲ್ಪ ಮೊಂಡು. ಪಕ್ಕದ್ದೂ ಮೊಂಡು. ಅದರ ಪಕ್ಕದ್ದೂ. ಸಾಲಾಗಿ ಆರು ಮೊನೆ ಮೊಂಡು, ಉಳಿದ ಹದಿನೆಂಟು ಸರಿಯಾಗಿವೆ. ರಟ್ಟು ಒಂದೇ. ಅದರ ಒಂದು ಮೂಲೆ ಜಜ್ಜಿತ್ತು. 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಬರೆದಾಗ ಆ ಜಜ್ಜಿದ ಮೂಲೆ ಆರು ಸಲ, ಒಂದರ ಪಕ್ಕ ಒಂದು, ತನ್ನ ಗುರುತು ಬಿಟ್ಟು ಹೋಗಿದೆ.

ಅವತ್ತು ರಾತ್ರಿ ಹನ್ನೊಂದು ಗಂಟೆ. ಹೇಳಲು ಯಾರೂ ಎಚ್ಚರ ಇರಲಿಲ್ಲ.

ಬೆಳಗ್ಗೆ ನಾನೂ ರಟ್ಟು ಕತ್ತರಿಸಿದೆ. ಹಾಳೆಯ ಮೇಲಿನ ಚೌಕದ ಬದಿ 68 ಮಿ.ಮೀ., ಅದೇ ಅಳತೆ. ಮೂಲೆಯಿಂದ ಮೂಲೆಗೆ 96 ಮಿ.ಮೀ. ನಡುವೆ ಗುಂಡುಸೂಜಿ ಚುಚ್ಚಿ, ಕೋನಮಾಪಕ ಇಟ್ಟು 15, 30, 45, 60, 75ಕ್ಕೆ ಗುರುತು ಮಾಡಿ, ತಿರುಗಿಸಿ ತಿರುಗಿಸಿ ಬರೆದೆ. ಐದು ನಿಮಿಷದ ಕೆಲಸ. ಒಳಗಿನ ಗೆರೆ ಅಳಿಸಿ ಹೊರಗಿನದು ಉಳಿಸಿಕೊಂಡರೆ ಅದೇ ನಕ್ಷತ್ರ. ನೋಡಲು ಆಳವಾಗಿ ಕಾಣುವ, ಎರಡು ಮೊನೆಗಳ ನಡುವಿನ ಮಡಿಕೆ ಅಳೆದರೆ 5 ಮಿ.ಮೀ. ಮಾತ್ರ, ನಡುವಿನಿಂದ ಮೊನೆಗೆ ಇರುವ 48 ಮಿ.ಮೀ.ನಲ್ಲಿ ಒಂಬತ್ತನೇ ಒಂದು ಪಾಲು. ಅಷ್ಟು ಸಾಕು ಅನ್ನುವುದು ಆ ಶಿಲ್ಪಿಗಳಿಗೆ ಗೊತ್ತಿತ್ತು. ಬಿಸಿಲು ಬಿದ್ದಾಗ ಗೋಡೆಯ ತುಂಬ ನಿಲುಗೆರೆಯ ನೆರಳು ಬೀಳಲು ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಕೋನಮಾಪಕ ಕೈಯಲ್ಲೇ ಇತ್ತು. ಹೊರಮೂಲೆ ಅಳೆದೆ, 90. ಸುಮ್ನೆ ಒಳಮೂಲೆಯನ್ನೂ ಅಳೆದೆ, ಎರಡು ಮೊನೆಗಳ ನಡುವಿನ ಸಂದು.

105.

ಇನ್ನೊಂದು ಸಂದು ಅಳೆದೆ. 105. ಫೀ ಅಲ್ಲ, ಮನೆ ನಂಬರೂ ಅಲ್ಲ. ಆಮೇಲೆ ಲೆಕ್ಕ ಮಾಡಿದರೆ ಸರಳವಾಗಿಯೇ ಇದೆ. ಸಂದಿನ ಒಂದು ಗೋಡೆ ಒಂದು ಚೌಕದ್ದು, ಇನ್ನೊಂದು ಗೋಡೆ ಪಕ್ಕದ ಚೌಕದ್ದು. ಒಂದೇ ಚೌಕದ ಬದಿಗಳಾಗಿದ್ದರೆ ನಡುವೆ 90. ಪಕ್ಕದ್ದು 15 ತಿರುಗಿದೆ. 90ಕ್ಕೆ 15 ಸೇರಿಸಿ. ಮಾವನೂ ಅಳೆದೇ ಕಂಡುಕೊಂಡಿರಬೇಕು, ಇಲ್ಲದಿದ್ದರೆ ಯಾರಾದರೂ ಅದಕ್ಕೆ ವೃತ್ತ ಹಾಕುತ್ತಾರೆಯೇ?

ಬಸವಣ್ಣನ ಬಗ್ಗೆಯೂ ಒಂದು ಮಾತು. ಕಿವಿಯನ್ನು ಮೂರು ಸಲ ಬರೆದಿದ್ದಾರೆ, ಮೂರೂ ಸರಿ ಬಂದಿಲ್ಲ. ಮುಖ ಎತ್ತಿಗಿಂತ ನಾಯಿಗೆ ಹತ್ತಿರ. ಆಡು ಮಾತ್ರ ಏಳೆಂಟು ಗೆರೆಯಲ್ಲಿ ಮುಗಿದಿದೆ, ಹಿಂಗಾಲು ಎತ್ತಿ ಕಿವಿ ಕೆರೆದುಕೊಳ್ಳುತ್ತಿದೆ. ಕಲ್ಲಿನದು ಅಲುಗಾಡದೆ ಕೂತಿದ್ದರೂ ಕೈಗೆ ಬರಲಿಲ್ಲ, ಒಂದು ಕ್ಷಣ ನಿಂತು ಓಡಿದ್ದು ಬಂದಿದೆ.

ಮುಗಿಸಿದ್ದು

ಜಪಾನಿ ಕಾಗದವನ್ನು ಕತ್ತರಿಯಿಂದ ಕತ್ತರಿಸಲಿಲ್ಲ. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು ಆ ಗೆರೆಗುಂಟ ಹರಿದೆ. ಹಾಗೆ ಹರಿದರೆ ಅಂಚಿನಲ್ಲಿ ನಾರು ಜುಂಗು ಜುಂಗಾಗಿ ಉಳಿದು ಹಳೆಯ ಕಾಗದದೊಳಗೆ ಬೆರೆಯುತ್ತದೆ. ಬೆರಳಗಲದ ಪಟ್ಟಿಗಳು, ಹಿಂಬದಿಗೆ ಮಾತ್ರ. ಈ ಸಲ ಅಂಟಿನಲ್ಲಿ ನೀರು ಕಡಿಮೆ. ಬರಹದ ಹಿಂದೆ ಬರುವ ಕಡೆ ಅಂಟನ್ನು ಮೊದಲು ಬ್ಲಾಟಿಂಗಿನ ಮೇಲೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಪಟ್ಟಿಯನ್ನೇ ಇಟ್ಟೆ. ಒಮ್ಮೆ ಸುಟ್ಟುಕೊಂಡ ಕೈ. ಹುಳ ತಿಂದ ಅಂಚಿಗೆ ಎರಡು ಪದರ. ಎಲ್ಲದರ ಮೇಲೆ ಪಾಲಿಯೆಸ್ಟರ್ ಬಟ್ಟೆಯ ತುಂಡು, ಬ್ಲಾಟಿಂಗ್, ಇಟ್ಟಿಗೆ, ಒಂದು ರಾತ್ರಿ.

ಹಾಳೆಯನ್ನು ಮತ್ತೆ ಮಡಚಿ ಬುಕ್ಕಿಗೆ ಸೇರಿಸಲಿಲ್ಲ. ದಪ್ಪ ಕಾಗದದ ಫೋಲ್ಡರಿನಲ್ಲಿ ಬಿಚ್ಚಿಯೇ ಇಟ್ಟಿದ್ದೇನೆ. ಅದು ಇದ್ದ ಜಾಗದಲ್ಲಿ ಬುಕ್ಕಿನೊಳಗೆ ಒಂದು ಚೀಟಿ.

ಉಳಿದದ್ದು ಗೀಟುಗಳು. ಆ ನೇರಳೆ ಮಡುವಿನ ಮೇಲೆ ಟಾರ್ಚನ್ನು ಎಡದಿಂದ ಬಿಟ್ಟೆ, ಮೇಲಿನಿಂದ ಬಿಟ್ಟೆ. ಹಾಳೆ ತಿರುಗಿಸಿ ಹಿಂದಿನ ಉಬ್ಬುಗಳನ್ನು ನೋಡಿದೆ. ನಾಲ್ಕು ನಿಲುಗೀಟಿಗೆ ಒಂದು ಅಡ್ಡಗೀಟು, ಐದರ ಕಂತೆ. ಅಂಥ ಮೂರು ಕಂತೆ ಖಚಿತವಾಗಿ ಇವೆ, 15. ಮುಂದೆ ಇನ್ನೂ ಇವೆ, ಆದರೆ ಎಷ್ಟು ಅಂತ ಹೇಳಲಾಗದು. ಒದ್ದೆಯಾಗಿ ಒತ್ತಿದ್ದರಿಂದ ಗುಳಿಗಳೂ ತುಂಬಿಹೋಗಿವೆ. 24 ಇರಲಾರದು. ಗರ್ಭಗುಡಿ ಮುಂದಿನ ಮಂಟಪಕ್ಕೆ ಕೂಡುವ ಕಡೆ ಕೆಲವು ಮೂಲೆಗಳು ಕಟ್ಟಡದೊಳಗೇ ಹೋಗುತ್ತವೆ, ಹೊರಗೆ ನಿಂತವರಿಗೆ ಸಿಗುವುದಿಲ್ಲ. ಮಾವ ಹೊರಗೆ ಕಂಡಷ್ಟನ್ನು ಎಣಿಸಿದ್ದಾರೆ. ಉಳಿದದ್ದನ್ನು ಮನೆಯಲ್ಲಿ ರಟ್ಟು ತಿರುಗಿಸಿ ತಿಳಿದುಕೊಂಡಿದ್ದಾರೆ. ಅವರ ಎಣಿಕೆ ನಾನು ಕಳೆದದ್ದು.

ಅತ್ತಿಗೆ ಹಾಳೆ ತೋರಿಸಲು ಮೊನ್ನೆ ಗದಗಿಗೆ ಹೋಗಿದ್ದೆ. ನೇರಳೆ ಕಲೆಯ ಮೇಲೆ ಬೆರಳಿಟ್ಟು, "ಇದು ಅವರ ನಾಲಿಗಿ ಬಣ್ಣಾನ" ಅಂದರು. ಬರುವ ರವಿವಾರ ಡಂಬಳಕ್ಕೆ ಹೋಗಿ ಮೂಲೆ ಎಣಿಸಿಕೊಂಡು ಬರುತ್ತೇನೆ ಅಂದೆ.

"ನಾನೂ ಬರತೀನಿ. ರೊಟ್ಟಿ ಕಟಗೊಂಡು ಹೋಗೂಣು. ನೀ ಎಡಗಡೆಯಿಂದ ಎಣಸು, ನಾ ಬಲಗಡೆಯಿಂದ ಎಣಸತೀನಿ."